ಮಗು ಓದುತ್ತಿದೆಯೋ, ಒಪ್ಪಿಸುತ್ತಿದೆಯೋ?

ಎರಡನೇ ತರಗತಿಯ ಮಗು ಪುಸ್ತಕ ಬಿಡಿಸಿಕೊಂಡು ಕೂತು ಪಾಠವನ್ನು ಪಟಪಟನೆ ಓದಿ ಮುಗಿಸುತ್ತದೆ. ಅಡುಗೆಮನೆಯಿಂದಲೇ ಕೇಳಿಸಿಕೊಂಡ ಅಮ್ಮನಿಗೆ ಸಮಾಧಾನ. ಒಂದು ದಿನ ಹತ್ತಿರ ಕೂತು, ಪುಟದ ನಡುವೆ ಎಲ್ಲಾದರೂ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿ ನೋಡಿ. ಕೂಡಲೇ ಹೇಳಿದರೆ ಮಗುವಿಗೆ ಓದಲು ಬರುತ್ತದೆ. ಸಾಲಿನ ಮೊದಲಿಗೆ ಹೋಗಿ, ಬಾಯೊಳಗೇ ಗುನುಗುತ್ತ ಬಂದು ಆ ಪದದ ಹತ್ತಿರ ನಿಂತರೆ ಅದು ಓದುತ್ತಿಲ್ಲ, ಪಾಠ ಒಪ್ಪಿಸುತ್ತಿದೆ.

ಇದರಲ್ಲಿ ಮಗುವಿನ ಕಳ್ಳಾಟವೇನೂ ಇಲ್ಲ. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವಾಗ ಕಿವಿ ಬೇಗ ಕಲಿಯುತ್ತದೆ, ಕಣ್ಣು ನಿಧಾನಕ್ಕೆ ಕಲಿಯುತ್ತದೆ. ಮೂರನೇ ತರಗತಿಯವರೆಗೆ ಪಾಠಗಳು ಚಿಕ್ಕವು, ಕಿವಿಯ ಕಲಿಕೆಯಲ್ಲೇ ಬಂಡಿ ಸಾಗುತ್ತದೆ. ನಾಲ್ಕಕ್ಕೆ ಬಂದಾಗ ಪರಿಸರ ಅಧ್ಯಯನದ ಉದ್ದುದ್ದ ಪುಟಗಳನ್ನು ಬಾಯಿಪಾಠ ಮಾಡಲು ಆಗುವುದಿಲ್ಲ. ಆಗ ಮನೆಯವರು ‘ಚೆನ್ನಾಗಿ ಓದುತ್ತಿತ್ತು, ಈಗೇನೋ ಆಗಿದೆ’ ಎನ್ನುತ್ತಾರೆ. ಈಗ ಆದದ್ದೇನೂ ಅಲ್ಲ, ಎರಡು ವರ್ಷ ಯಾರೂ ಬೆರಳಿಟ್ಟು ಕೇಳಿರಲಿಲ್ಲ, ಅಷ್ಟೆ.

ಅಕ್ಷರ ಬಾರದ ಅಪ್ಪ ಅಮ್ಮಂದಿರೂ ಈ ಪರೀಕ್ಷೆ ಮಾಡಬಹುದು. ಓದುವಾಗ ಮಗುವಿನ ಬೆರಳು ಪದದಿಂದ ಪದಕ್ಕೆ ಸರಿಯಬೇಕು. ಬೆರಳು ಸಾಲಿನ ಕೊನೆ ಮುಟ್ಟಿದರೂ ಬಾಯಿ ಇನ್ನೂ ಮಾತಾಡುತ್ತಿದ್ದರೆ, ಅಥವಾ ಬಾಯಿ ನಿಂತ ಮೇಲೂ ಪದಗಳು ಉಳಿದಿದ್ದರೆ, ಕಣ್ಣಿಗೂ ಬಾಯಿಗೂ ಸಂಬಂಧ ಇಲ್ಲ ಎಂದೇ ಅರ್ಥ. ಇನ್ನೊಂದು ಉಪಾಯ, ಕೊನೆಯ ಪದದಿಂದ ಹಿಂದಕ್ಕೆ ಒಂದೊಂದೇ ಪದ ಓದಿಸುವುದು. ಬಾಯಿಪಾಠ ಹಿಂದಕ್ಕೆ ಹರಿಯುವುದಿಲ್ಲ.

ಮನೆಯಲ್ಲಿ ಅ ಆ ಇ ಈ, ಶಾಲೆಯಲ್ಲಿ ರ ಗ ಸ ದ ಅ

ಸರ್ಕಾರಿ ಶಾಲೆಯ 1ರಿಂದ 3ನೇ ತರಗತಿಯವರೆಗೆ ನಡೆಯುವುದು ನಲಿ-ಕಲಿ. ನಮ್ಮ ಕೊಡಗಿನಿಂದ ನೋಡಿದರೆ ನಾಗರಹೊಳೆ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯದ ತುಂಬ ಹರಡಿದ ಪದ್ಧತಿ ಇದು. ಮಗು ಕಾರ್ಡುಗಳನ್ನು ಮುಗಿಸುತ್ತ ಕಲಿಕಾ ಏಣಿಯಲ್ಲಿ ತನ್ನದೇ ವೇಗದಲ್ಲಿ ಮೇಲೇರುತ್ತದೆ. ಒಂದೇ ಕೊಠಡಿಯಲ್ಲಿ ಕೂತ ಇಬ್ಬರು ಬೇರೆ ಬೇರೆ ಮೆಟ್ಟಿಲಲ್ಲಿ ಇರುವುದು ಇಲ್ಲಿ ತಪ್ಪಲ್ಲ, ವ್ಯವಸ್ಥೆಯೇ ಹಾಗೆ. ಪಕ್ಕದ ಮನೆಯ ಮಗು ಮುಂದಿನ ಕಾರ್ಡಿನಲ್ಲಿದೆ ಎಂದು ಕೊರಗಬೇಕಾಗಿಲ್ಲ.

ಇಲ್ಲಿ ಅಕ್ಷರ ಕಲಿಸುವುದು ವರ್ಣಮಾಲೆಯ ಕ್ರಮದಲ್ಲಿ ಅಲ್ಲ. ಮೊದಲ ಗುಂಪು ರ ಗ ಸ ದ ಅ. ಆಮೇಲೆ ಜ ವ ಮ ಬ ನ. ಸುಲಭವಾಗಿ ಬರೆಯಲು ಬರುವ, ಕೂಡಿಸಿದ ಕೂಡಲೇ ಪದವಾಗುವ ಅಕ್ಷರಗಳು ಮೊದಲು. ಮೊದಲ ಐದರಲ್ಲೇ ಸರ, ದರ, ಅಗಸ, ಅರಸ, ಗರಗಸ ಬಂದುಬಿಡುತ್ತವೆ. ಎರಡನೇ ಗುಂಪು ಸೇರಿದರೆ ಮರ, ಜನ, ವನ, ನಗರ, ಬಸವ. ವಾರ ಎರಡರಲ್ಲಿ ಮಗುವಿಗೆ ತಾನು ಓದುತ್ತೇನೆ ಅನ್ನುವುದು ಗೊತ್ತಾಗುತ್ತದೆ.

ಮನೆಯಲ್ಲಿ ನಾವು ಏನು ಮಾಡುತ್ತೇವೆ? ಅಂಗಡಿಯಿಂದ ವರ್ಣಮಾಲೆಯ ಚಾರ್ಟ್ ತಂದು ಗೋಡೆಗೆ ಅಂಟಿಸಿ ಅ ಆ ಇ ಈ ಎಂದು ರಾಗ ಹಾಡಿಸುತ್ತೇವೆ. 49 ಅಕ್ಷರ ಒಂದೇ ಉಸಿರಿನಲ್ಲಿ. ಅದರಲ್ಲಿ ಙ, ಞ ಬಳಸಿ ಒಂದು ಪದ ಹೇಳಿ ಎಂದರೆ ನಮಗೇ ತಡವರಿಕೆ. ಮಗುವಿಗೆ ಶಾಲೆಯದ್ದು ಒಂದು ದಾರಿ, ಮನೆಯದ್ದು ಇನ್ನೊಂದು ದಾರಿ ಆಗುತ್ತದೆ. ವರ್ಣಮಾಲೆ ಬೇಕು, ಆದರೆ ಓದು ಕೂಡಿದ ಮೇಲೆ, ನಿಘಂಟು ನೋಡುವ ಹೊತ್ತಿಗೆ.

ಮಾಡಬೇಕಾದ್ದು ಇಷ್ಟು. ಈಗ ಯಾವ ಗುಂಪು ನಡೆಯುತ್ತಿದೆ ಎಂದು ಟೀಚರನ್ನು ಕೇಳಿ. ಹಳೆಯ ಮದುವೆ ಕರೆಯೋಲೆಗಳನ್ನು ಎರಡು ಇಂಚಿನ ಚೌಕಗಳಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದು ಅಕ್ಷರ ದಪ್ಪಗೆ ಬರೆಯಿರಿ. (ಸಾದಾ ಕಾಗದ ನಮ್ಮ ಮಳೆಗಾಲದ ತೇವಕ್ಕೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ, ಕರೆಯೋಲೆಯ ರಟ್ಟು ತಡೆಯುತ್ತದೆ.) ಪ್ರತಿ ಅಕ್ಷರ ಎರಡೆರಡು ಇರಲಿ, ಗರಗಸ ಕಟ್ಟಲು ಎರಡು ಗ ಬೇಕು. ನೀವು ಪದ ಹೇಳಿ, ಮಗು ಚೀಟಿ ಜೋಡಿಸಲಿ. ಮಾರನೆಯ ದಿನ ಮಗು ಜೋಡಿಸಲಿ, ನೀವು ಓದಿ, ಬೇಕೆಂದೇ ಒಂದು ತಪ್ಪು ಓದಿ. ಹಿಡಿದುಹಾಕಿದ ಖುಷಿಯಲ್ಲಿ ಆ ಅಕ್ಷರವನ್ನು ಅದು ಮರೆಯುವುದಿಲ್ಲ. ಹಳೆಯ ಗುಂಪನ್ನು ಕಲಸಿ ಹಾಕಿದಾಗಲೂ ತಡವರಿಸದೆ ಗುರುತಿಸುವವರೆಗೆ ಹೊಸ ಅಕ್ಷರ ಸೇರಿಸಬೇಡಿ. ಒಂದನ್ನೊಂದು ಹೋಲುವ ಪ, ವ, ಮ, ಷಗಳನ್ನು ಒಂದೇ ದಿನ ತೋರಿಸಬೇಡಿ. ‘ವ್ಯತ್ಯಾಸ ನೋಡು’ ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳುವುದೇ ಗೊಂದಲದ ಮೂಲ. ಒಂದು ಗಟ್ಟಿಯಾಗಲಿ, ಕೆಲವು ದಿನ ಬಿಟ್ಟು ಇನ್ನೊಂದು ಬರಲಿ.

ಕಾಗುಣಿತದ ರಾಗ, ಒತ್ತಕ್ಷರದ ಗಂಟು

ಕ ಕಾ ಕಿ ಕೀ ಎಂಬ ಸಾಲನ್ನು ಹಾಡಿದ ಮಗು ‘ಕೀ’ ಒಂದನ್ನೇ ಬರೆದು ತೋರಿಸಿದರೆ ಮತ್ತೆ ಕ ಕಾ ಕಿ ಎಂದು ಹತ್ತಿಕೊಂಡು ಬರುತ್ತದೆ. ಇಲ್ಲೂ ಅದೇ ಕಥೆ, ಕಿವಿ ಮುಂದೆ, ಕಣ್ಣು ಹಿಂದೆ. ಅಡ್ಡಸಾಲಿನ ಬದಲು ಲಂಬಸಾಲು ಬರೆಸಿ: ಗಿ, ಮಿ, ಸಿ, ನಿ, ರಿ. ಹಾಗೆ ಬರೆದಾಗ ಗುಡಿಸು ಎಂಬ ಒಂದೇ ಚಿಹ್ನೆ ಎಲ್ಲ ಅಕ್ಷರಕ್ಕೂ ಅದೇ ಕೆಲಸ ಮಾಡುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ವಾರಕ್ಕೆ ಒಂದು ಸ್ವರಚಿಹ್ನೆ ಸಾಕು.

ಒತ್ತಕ್ಷರದಲ್ಲಿ ತೊಡಕು ಎಲ್ಲಿ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಬಹುಪಾಲು ಒತ್ತುಗಳು ಮೂಲ ಅಕ್ಷರದ ತಲೆಕಟ್ಟು ತೆಗೆದು ಚಿಕ್ಕದು ಮಾಡಿದ ರೂಪ: ಗ್ಗ, ಪ್ಪ, ಬ್ಬ, ಡ್ಡ. ಮಗು ಊಹಿಸಿಬಿಡುತ್ತದೆ. ಕೈಕೊಡುವುದು ತ, ನ, ಮ, ಯ, ರ, ಲ ಈ ಆರು. ತ್ತ, ನ್ನ, ಮ್ಮ, ಯ್ಯ, ಕ್ರ, ಲ್ಲಗಳಲ್ಲಿ ಕೆಳಗೆ ಇರುವುದಕ್ಕೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಇವನ್ನು ಗೊತ್ತಿರುವ ಪದಗಳಲ್ಲೇ ಕಲಿಸಬೇಕು: ಅತ್ತೆ, ಅನ್ನ, ಅಮ್ಮ, ಅಯ್ಯೋ, ಚಕ್ರ, ಹಲ್ಲು. ಆರು ಪದ, ಆರು ಚೀಟಿ, ಒಂದು ವಾರ. ಇನ್ನೊಂದು ಅರ್ಕಾವತ್ತು. ‘ಸೂರ್ಯ’ ಎನ್ನುವಾಗ ರ್ ಮೊದಲು ಕೇಳುತ್ತದೆ, ಬರೆಯುವಾಗ ಅದರ ಗುರುತು ಯ ಆದ ಮೇಲೆ ಬರುತ್ತದೆ. ಕೇಳಿದ ಕ್ರಮ ಬೇರೆ, ಬರೆಯುವ ಕ್ರಮ ಬೇರೆ. ‘ಸೂಯರ’ ಎಂದು ಓದುವ ಮಗು ಕಣ್ಣಿಗೆ ಕಂಡದ್ದನ್ನು ಪ್ರಾಮಾಣಿಕವಾಗಿ ಓದುತ್ತಿದೆ. ಬೈಯಬೇಡಿ, ‘ಈ ಕೊಕ್ಕೆ ಕಂಡರೆ ಮೊದಲು ಅದನ್ನು ಹೇಳಿ ಆಮೇಲೆ ಅಕ್ಷರ ಹೇಳು’ ಎಂಬ ಒಂದೇ ಸೂತ್ರ ಕೊಡಿ.

ಮಹಾಪ್ರಾಣದ ತಪ್ಪು ಎಲ್ಲ ಮನೆಗಳಲ್ಲೂ ಇದ್ದದ್ದೇ. ಧನ, ಭೂಮಿ ಎಂದು ನಾವೇ ಆಡುಮಾತಿನಲ್ಲಿ ಒತ್ತಿ ಹೇಳುವುದಿಲ್ಲ, ಹೇಳದ್ದನ್ನು ಮಗು ಬರೆಯುವುದು ಹೇಗೆ? ಇದು ಕೇಳಿ ಬರುವ ವಿದ್ಯೆಯಲ್ಲ, ಪದವನ್ನು ಮತ್ತೆ ಮತ್ತೆ ನೋಡಿ ಕಣ್ಣಲ್ಲಿ ಕೂರಿಸಿಕೊಳ್ಳುವುದು. ಉಕ್ತಲೇಖನ ಕೊಡುವಾಗ ಹತ್ತು ಪದ ಸಾಕು, ಏಳು ಗೊತ್ತಿರುವವು, ಮೂರು ಹೊಸತು. ತಪ್ಪಾದದ್ದನ್ನು ಇಪ್ಪತ್ತು ಸಲ ಬರೆಸುವುದರಿಂದ ಕೈ ನೋಯುತ್ತದೆ, ಐದನೇ ಸಲಕ್ಕೆ ಕಣ್ಣು ನೋಡುವುದನ್ನೇ ಬಿಡುತ್ತದೆ. ಮೂರು ಸಲ ನೋಡಿ ಬರೆಯಲಿ, ಮುಚ್ಚಿ ಒಂದು ಸಲ ಬರೆಯಲಿ, ಎರಡು ದಿನ ಬಿಟ್ಟು ಮತ್ತೆ ಕೇಳಿ.

ನರಿ ಎಂದರೆ ಯಾವ ಪ್ರಾಣಿ?

ಕೊಡಗಿನಲ್ಲಿ ಮನೆಮಾತು ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು, ಎರವ, ಜೇನುಕುರುಬ ಏನೂ ಆಗಿರಬಹುದು. ಶಾಲೆಯ ಮಾತು ಮಾತ್ರ ಕನ್ನಡ, ಇಲ್ಲವೇ ಇಂಗ್ಲಿಷ್. ಈ ಅಂತರ ಸಣ್ಣ ಸಣ್ಣ ಕಡೆ ಕಾಲು ಎಡವಿಸುತ್ತದೆ. ಪುಸ್ತಕದ ನರಿ ದ್ರಾಕ್ಷಿಗೆ ಹಾರುತ್ತದೆ. ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ‘ನರಿ ಮಂಗಲ’ದ, ಅಂದರೆ ಹುಲಿ ಕೊಂದವನಿಗೆ ಮದುವೆಯಂತೆ ಮಾಡುತ್ತಿದ್ದ ಗೌರವದ ಕತೆ ಕೇಳಿ ಬೆಳೆದ ಮಗುವಿಗೆ ಹುಲಿಯೊಂದು ದ್ರಾಕ್ಷಿಗೆ ಯಾಕೆ ಹಾರಬೇಕು ಎಂದು ತಿಳಿಯುವುದೇ ಇಲ್ಲ. ‘ತಾಯಿ’ ಎಂದರೆ ಆ ಮನೆಯಲ್ಲಿ ಅಜ್ಜಿ, ಅಮ್ಮನನ್ನು ಕರೆಯುವುದು ಅವ್ವ ಎಂದು. ಪ್ರಶ್ನೆಗೆ ತಪ್ಪು ಉತ್ತರ ಬರೆದ ಮಗುವಿಗೆ ಪಾಠ ಅರ್ಥವಾಗಿಲ್ಲ ಎಂದುಕೊಳ್ಳುತ್ತೇವೆ, ಅರ್ಥವಾಗದೆ ಇದ್ದದ್ದು ಒಂದೇ ಪದ.

ಇದಕ್ಕೆ ಮದ್ದು ಮನೆಯಲ್ಲಿ ಮನೆಮಾತು ಬಿಟ್ಟು ಹರಕುಮುರುಕು ಕನ್ನಡವನ್ನೋ ಇಂಗ್ಲಿಷನ್ನೋ ಆಡುವುದಲ್ಲ. ಅದರಿಂದ ಮಗುವಿಗೆ ಸಿಗುವುದು ಬಡ ಭಾಷೆ. ಯೋಚಿಸುವುದು, ಕಾರಣ ಕೊಡುವುದು, ಕತೆ ಹೇಳುವುದು ಇವೆಲ್ಲ ಮೊದಲು ಗಟ್ಟಿಯಾಗುವುದು ತನ್ನ ಮಾತಿನಲ್ಲೇ. ಹೊಸ ಪಾಠ ಬಂದಾಗ ಚಿತ್ರ ನೋಡಿಸಿ ಮನೆಮಾತಿನಲ್ಲಿ ಮಾತಾಡಿ: ಇದೇನು, ನಾವು ಇದಕ್ಕೆ ಏನು ಅನ್ನುತ್ತೇವೆ, ಪುಸ್ತಕದಲ್ಲಿ ಏನು ಅಂದಿದ್ದಾರೆ. ಒಂದು ನೋಟ್‌ಬುಕ್‌ನಲ್ಲಿ ಎರಡು ಕಾಲಂ ಮಾಡಿ, ಎಡಕ್ಕೆ ಮನೆಯ ಪದ, ಬಲಕ್ಕೆ ಪುಸ್ತಕದ ಪದ, ಎರಡನ್ನೂ ಕನ್ನಡ ಅಕ್ಷರದಲ್ಲೇ ಬರೆಯಲಿ. ದಿನಕ್ಕೆ ಹೆಚ್ಚೆಂದರೆ ಮೂರು ಪದ.

ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳಿಗೂ ಇದೇ ದಾರಿ. ‘ನಮಗೆ ಇಂಗ್ಲಿಷ್ ಬಾರದು, ನಾವೇನು ಹೇಳಿಕೊಡುವುದು’ ಎಂದು ದೂರ ಸರಿಯಬೇಡಿ. ‘ಇವತ್ತು ವಿಜ್ಞಾನದಲ್ಲಿ ಏನು ಮಾಡಿದಿರಿ, ನನಗೆ ನಮ್ಮ ಮಾತಲ್ಲಿ ಹೇಳು’ ಎಂದು ಕೇಳಿ. ಹೇಳಲು ಬಂದರೆ ಪಾಠ ತಲೆಗೆ ಹೋಗಿದೆ. ಇಂಗ್ಲಿಷ್ ವಾಕ್ಯವನ್ನೇ ಹಾಗೇ ಹೇಳಿ, ನಮ್ಮ ಮಾತಿನಲ್ಲಿ ಹೇಳು ಎಂದಾಗ ಮೌನವಾದರೆ ಬಾಯಿಪಾಠ. ಏನೂ ಗೊತ್ತಿಲ್ಲದವರಂತೆ ಕೇಳುವ ಅಮ್ಮನೇ ಇಲ್ಲಿ ಒಳ್ಳೆಯ ಪರೀಕ್ಷಕಿ. ಎಲ್ಲ ಗೊತ್ತಿರುವ ಅಪ್ಪ ನಡುವೆ ಬಾಯಿ ಹಾಕಿ ತಾನೇ ಪೂರ್ತಿ ಮಾಡಿಬಿಡುತ್ತಾರೆ.

ಲೆಕ್ಕದ ತಪ್ಪಿಗೂ ಒಂದು ಲೆಕ್ಕ ಇರುತ್ತದೆ

‘ನೂರಾ ಐದು ಬರಿ’ ಎಂದರೆ ಮಗು 1005 ಬರೆಯುತ್ತದೆ. ನೂರು ಎಂದಾಗ 100, ಐದು ಎಂದಾಗ 5. ಕೇಳಿದ್ದನ್ನು ಕೇಳಿದಂತೆ ಬರೆದಿದೆ. ಹತ್ತರ ಮನೆ ಖಾಲಿ ಇದ್ದರೂ ಅಲ್ಲಿ ಒಂದು ಸೊನ್ನೆ ಕಾವಲು ಕೂರಬೇಕು ಎಂಬುದು ಅದಕ್ಕೆ ಹೊಳೆದಿಲ್ಲ. 100ರ ಒಂದು ನೋಟು, 10ರ ನೋಟುಗಳು, 1ರ ನಾಣ್ಯಗಳು ಹಿಡಿದು ನೂರು, ಹತ್ತು, ಬಿಡಿ ಎಂಬ ಮೂರು ಮನೆ ಗೀಚಿ ಇಡಿಸಿ. ನೂರೈದು ಎಂದಾಗ ನಡುವಿನ ಮನೆಯಲ್ಲಿ ಏನೂ ಇಲ್ಲ, ಅಲ್ಲಿ 0. ನೂರೈವತ್ತು ಎಂದಾಗ ಕೊನೆಯ ಮನೆ ಖಾಲಿ.

ಕಳೆಯುವ ಲೆಕ್ಕದ ಒಂದು ತಪ್ಪನ್ನು ಹತ್ತಿರದಿಂದ ನೋಡೋಣ. 52ರಲ್ಲಿ 27 ಕಳೆ ಎಂದರೆ ಉತ್ತರ 35. ಗಮನ ಇಲ್ಲ ಎಂದು ಗದರುವ ಮೊದಲು ನೋಟ್‌ಬುಕ್ ತಿರುವಿ ನೋಡಿ. 43ರಲ್ಲಿ 18 ಕಳೆದು 35, 61ರಲ್ಲಿ 34 ಕಳೆದು 33 ಇದ್ದರೆ ಅದು ಅಜಾಗ್ರತೆ ಅಲ್ಲ, ಮಗು ಒಂದು ನಿಯಮ ಮಾಡಿಕೊಂಡಿದೆ: ಪ್ರತಿ ಸಾಲಿನಲ್ಲೂ ದೊಡ್ಡದರಿಂದ ಚಿಕ್ಕದು ಕಳೆಯುವುದು. 2ರಲ್ಲಿ 7 ಹೋಗದು, ಆದ್ದರಿಂದ 7ರಲ್ಲಿ 2. ನಿಯಮ ತಪ್ಪು, ಆದರೆ ಮಗು ಅದನ್ನು ಎಲ್ಲ ಕಡೆ ಕಟ್ಟುನಿಟ್ಟಾಗಿ ಪಾಲಿಸಿದೆ. ಇಂಥ ಮಗುವಿಗೆ ಇನ್ನೂ ಐವತ್ತು ಲೆಕ್ಕ ಕೊಟ್ಟರೆ ಐವತ್ತೂ ತಪ್ಪಾಗಿ, ತಪ್ಪು ಗಟ್ಟಿಯಾಗುತ್ತದೆ. ಪೊರಕೆ ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದು ಹತ್ತರ ಐದು ಕಟ್ಟು ರಬ್ಬರ್ ಬ್ಯಾಂಡ್ ಹಾಕಿ, ಎರಡು ಬಿಡಿ ಇಡಿ. ‘ನನಗೆ 27 ಕೊಡು’ ಎನ್ನಿ. ಎರಡು ಕಟ್ಟು ಸಲೀಸಾಗಿ ಬರುತ್ತದೆ. ಏಳು ಬಿಡಿ ಕೇಳಿದಾಗ ಕೈಯಲ್ಲಿ ಎರಡೇ. ಸುಮ್ಮನಿರಿ, ಹೇಳಿಕೊಡಬೇಡಿ. ಸ್ವಲ್ಪ ಹೊತ್ತಿಗೆ ಮಗು ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತದೆ. ಆ ಬಿಚ್ಚುವ ಕ್ಷಣವೇ ಇಡೀ ಪಾಠ. ಉಳಿದದ್ದು ಎರಡು ಕಟ್ಟು, ಐದು ಬಿಡಿ, 25. ಎರಡು ದಿನ ಕಡ್ಡಿಯಲ್ಲಿ, ಎರಡು ದಿನ ಕಡ್ಡಿಯ ಚಿತ್ರ ಬರೆದು, ಆಮೇಲಷ್ಟೇ ಬರೀ ಅಂಕಿಯಲ್ಲಿ.

ಮಗ್ಗಿಯನ್ನು ಸಾಲಾಗಿ ಹೇಳಿಸಿದರೆ ಅದೂ ಹಾಡೇ. ಕಲಿಸುವ ಕ್ರಮ ಬದಲಿಸಿ. ಮೊದಲು 2, 5, 10. ಎರಡರ ಮಗ್ಗಿಯ ಇಮ್ಮಡಿ ನಾಲ್ಕರದ್ದು, ಅದರ ಇಮ್ಮಡಿ ಎಂಟರದ್ದು. ಮೂರು, ಅದರ ಇಮ್ಮಡಿ ಆರು. ಒಂಬತ್ತಕ್ಕೆ ಹತ್ತರ ಮಗ್ಗಿಯಿಂದ ಒಂದು ಸಲ ಕಡಿಮೆ: ಒಂಬತ್ತು ಆರು ಎಂದರೆ 60ರಲ್ಲಿ 6 ಹೋಗಿ 54. ಮೂರೇಳು ಎಂದರೂ ಏಳು ಮೂರು ಎಂದರೂ ಒಂದೇ ಎಂಬುದು ತಿಳಿದಿದ್ದರೆ ಹತ್ತರವರೆಗಿನ ಇಡೀ ಮಗ್ಗಿಯಲ್ಲಿ ಹೊಸದಾಗಿ ಕಲಿಯಲು ಉಳಿಯುವುದು ಏಳೇಳ್ಲಿ ನಲವತ್ತೊಂಬತ್ತು ಒಂದೇ.

ಐದನೇ ತರಗತಿಯಿಂದ ಮೇಲೆ ಮಕ್ಕಳನ್ನು ಬೀಳಿಸುವುದು ದಶಮಾಂಶ. 2.35 ದೊಡ್ಡದೋ 2.4 ದೊಡ್ಡದೋ ಎಂದರೆ ಬಹಳ ಮಕ್ಕಳು 2.35 ಎನ್ನುತ್ತಾರೆ, ಯಾಕೆಂದರೆ 35 ನಾಲ್ಕಕ್ಕಿಂತ ದೊಡ್ಡದು. ಇಲ್ಲಿ ಕೊಡಗಿನವರಿಗೆ ಒಂದು ಅನುಕೂಲ ಇದೆ. ನಮ್ಮ ತೋಟಗಳಲ್ಲಿ ಮಳೆ ಅಳೆಯುವುದೇ ಇಂಚು, ಸೆಂಟಿನಲ್ಲಿ. ಒಂದು ಇಂಚಿಗೆ ನೂರು ಸೆಂಟ್. ‘ನಿನ್ನೆ 2 ಇಂಚು 40 ಸೆಂಟ್, ಇವತ್ತು 2 ಇಂಚು 35 ಸೆಂಟ್, ಯಾವತ್ತು ಹೆಚ್ಚು?’ ಎಂದರೆ ತಪ್ಪು ಹೇಳುವ ಮಗುವೇ ಇಲ್ಲ. ಆಮೇಲೆ ಅದನ್ನೇ 2.40, 2.35 ಎಂದು ಬರೆಸಿ, 2.40ರ ಕೊನೆಯ ಸೊನ್ನೆ ಅಳಿಸಿ ತೋರಿಸಿ. ಇನ್ನೊಂದು ಸಾಮಾನ್ಯ ತಪ್ಪು, 2 ಇಂಚು 5 ಸೆಂಟನ್ನು 2.5 ಎಂದು ಬರೆಯುವುದು. ಅದು 2.05. ಎರಡೂವರೆ ಇಂಚು ಬಿದ್ದಿದ್ದರೆ ಅಂಗಳ ಹೇಗಿರುತ್ತಿತ್ತು ಎಂದು ಕೇಳಿದರೆ ಸಾಕು.

ಮಳೆಮಾಪಕ ಮನೆಯಲ್ಲಿ ಇಲ್ಲದಿದ್ದರೆ ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಕೊಳವೆಯಂತೆ ಕೂರಿಸಿ. ತಳ ಉಬ್ಬುತಗ್ಗು ಇರುವುದರಿಂದ ಬಾಟಲಿಯ ಗೋಡೆ ನೇರವಾಗುವ ಮಟ್ಟದವರೆಗೆ ಮೊದಲು ನೀರು ತುಂಬಿಸಿ, ಅಲ್ಲಿ ಸೊನ್ನೆಯ ಗೆರೆ ಹಾಕಿ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಈ ಹೆಜ್ಜೆ ಬಿಟ್ಟರೆ ಎಲ್ಲ ಅಳತೆಯೂ ತಪ್ಪು. ಸೂರಿನ ನೀರು, ಮರದ ಹನಿ ಬೀಳದ ಬಯಲಲ್ಲಿ ಇಟ್ಟು, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆದು, ನೀರನ್ನು ಮತ್ತೆ ಸೊನ್ನೆಯ ಗೆರೆಗೆ ತರಬೇಕು. ವಾರದ ಕೊನೆಗೆ ಒಟ್ಟು, ಸರಾಸರಿ, ಕಂಬನಕ್ಷೆ. ಏಳನೇ ತರಗತಿಯವರು ಪೇಪರಿನಲ್ಲಿ ಬರುವ ಮಿಲಿಮೀಟರಿಗೆ ಹೋಲಿಸಲಿ: ಒಂದು ಇಂಚು 25.4 ಮಿ.ಮೀ., ಆದ್ದರಿಂದ 2.40 ಇಂಚು ಎಂದರೆ 60.96 ಮಿ.ಮೀ. ಜಾಗದ ಲೆಕ್ಕವೂ ಹಾಗೆಯೇ. 3 ಎಕರೆ 8 ಸೆಂಟ್ ಎಂದರೆ 3.08 ಎಕರೆ. ಗುಂಟೆ ಲೆಕ್ಕದ ಊರಿನಲ್ಲಿ ಎಕರೆಗೆ ನಲವತ್ತೇ ಗುಂಟೆ, ಅಲ್ಲಿ 3 ಎಕರೆ 8 ಗುಂಟೆ 3.2 ಆಗುತ್ತದೆ. ಈ ವ್ಯತ್ಯಾಸ ಯಾಕೆ ಎಂದು ಮಗು ವಿವರಿಸಿದರೆ ದಶಮಾಂಶವೂ ಭಿನ್ನರಾಶಿಯೂ ಎರಡೂ ಬಂದಂತೆ.

ಶೇಕಡಾ ಕಲಿಸಲು ಕಣವೇ ಸಾಕು. 50 ಕಿಲೋ ಚೀಲದ ಒಣ ಕಾಫಿಯಲ್ಲಿ 27 ಕಿಲೋ ಬೀಜ ಬಂದರೆ ಶೇಕಡಾ 54. ಕುಯ್ಲಿನ ದಿನಗಳಲ್ಲಿ ತೋಟದ ಕೂಲಿಯವರ ಲೈನ್‌ಮನೆಯ ಮಗು ಅಮ್ಮನ ಕೂಲಿ ಕೂಡಲಿ: 86 ಕಿಲೋ ಹಣ್ಣು, ಕಿಲೋಗೆ 5 ರೂಪಾಯಿ ಎಂದು ಇಟ್ಟುಕೊಂಡರೆ ಎಷ್ಟು? ಮೊದಲು ಅಂದಾಜು, ತೊಂಬತ್ತರ ಹತ್ತಿರ, 450ಕ್ಕಿಂತ ಸ್ವಲ್ಪ ಕಡಿಮೆ. ಆಮೇಲೆ ಸರಿಯಾದ ಲೆಕ್ಕ, 430. ತೋಟದ ಲೆಕ್ಕ ಇಡುವ ರೈಟರ್ ಬರೆದದ್ದಕ್ಕೆ ತಾಳೆ ನೋಡುವ ಕೆಲಸ ಮಗುವಿಗೆ ಕೊಟ್ಟರೆ ಯಾವ ವರ್ಕ್‌ಶೀಟೂ ಬೇಡ.

ಮಳೆ ರಜೆ, ಕಾಫಿ ಕುಯ್ಲು

ಮನೆಪಾಠದ ವೇಳಾಪಟ್ಟಿಗಳು ಬಹುತೇಕ ಪಟ್ಟಣದ ಮನೆಗೆ ಹೊಂದುವಂಥವು. ಇಲ್ಲಿ ಶಾಲಾ ವರ್ಷವನ್ನು ಕತ್ತರಿಸುವುದು ಎರಡು: ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ ರಜೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಫಿ ಕುಯ್ಲು. ಮೊದಲನೆಯದರಲ್ಲಿ ಮಗು ಮನೆಯಲ್ಲಿದ್ದು ಶಾಲೆ ಇಲ್ಲ, ಎರಡನೆಯದರಲ್ಲಿ ಶಾಲೆ ಇದ್ದು ಮನೆಯಲ್ಲಿ ದೊಡ್ಡವರಿಲ್ಲ, ಇದ್ದರೂ ಮೈಕೈ ನೋವಿನಲ್ಲಿ ಇರುತ್ತಾರೆ.

ಆದ್ದರಿಂದ ಓದಿನ ಭಾರವನ್ನು ಮಳೆಗಾಲಕ್ಕೆ ಹಾಕಿ. ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ಬೆಳಿಗ್ಗೆ, ಇನ್ನೂ ಬೆಳಕಿರುವಾಗಲೇ, ಒಂದು ಗಂಟೆ. ಕರೆಂಟ್ ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ, ಸಂಜೆಯನ್ನು ನಂಬಬೇಡಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಕಿಟಕಿ ಎಡಕ್ಕಿರಲಿ, ಇಲ್ಲದಿದ್ದರೆ ತನ್ನ ಕೈಯ ನೆರಳೇ ಅಕ್ಷರದ ಮೇಲೆ ಬೀಳುತ್ತದೆ. ನೆನೆದ ಪುಸ್ತಕವನ್ನು ಒಲೆಯ ಮೇಲೆ ಇಟ್ಟರೆ ಹಾಳೆ ಸುರುಟಿ ಅಂಟಿಕೊಳ್ಳುತ್ತದೆ. ಹತ್ತು ಹಾಳೆಗೊಂದರಂತೆ ಪೇಪರ್ ತುಂಡು ತುರುಕಿ, ನೆಟ್ಟಗೆ ನಿಲ್ಲಿಸಿ, ಪೇಪರ್ ಒದ್ದೆಯಾದಂತೆ ಬದಲಿಸಿ, ಒಣಗಿದ ಮೇಲೆ ಭಾರ ಇಡಿ.

ಕುಯ್ಲಿನ ತಿಂಗಳುಗಳಲ್ಲಿ ಹದಿನೈದು ನಿಮಿಷ ಸಾಕು, ಆದರೆ ದಿನಾ. ರೊಟ್ಟಿ ಬೇಯುವಾಗ ಒಲೆಯ ಪಕ್ಕ ಕೂತು ಮಗು ಗಟ್ಟಿಯಾಗಿ ಒಂದು ಪುಟ ಓದಲಿ, ನೀವು ‘ಯಾಕೆ?’, ‘ಮತ್ತೇನಾಯಿತು?’ ಎಂದು ಎರಡು ಪ್ರಶ್ನೆ ಕೇಳಿ. ಒಟ್ಟಾರೆ ಲೆಕ್ಕಕ್ಕೆ ತರಗತಿಗೆ ಹತ್ತು ನಿಮಿಷ ಎಂದು ಇಟ್ಟುಕೊಳ್ಳಬಹುದು: ಎರಡನೆಯವರಿಗೆ ಇಪ್ಪತ್ತು, ಐದನೆಯವರಿಗೆ ಐವತ್ತು. ಭಾನುವಾರ ನಾಲ್ಕು ಗಂಟೆ ಕೂರಿಸಿ ವಾರದ ಬಾಕಿ ತೀರಿಸುವುದು ಆಗದ ಕೆಲಸ. ಆನೆಯ ಭಯಕ್ಕೆ ಹೊತ್ತು ನೋಡಿಕೊಂಡು ಹೊರಟು, ಬಸ್ಸಿಗೆ ಕಾದು, ಸುಸ್ತಾಗಿ ಬಂದ ಮಗುವನ್ನು ರಾತ್ರಿ ಹತ್ತೂವರೆಯವರೆಗೆ ಎಬ್ಬಿಸಿಡಬೇಡಿ. 6ರಿಂದ 12 ವರ್ಷದವರಿಗೆ 9 ಗಂಟೆಗೆ ಕಡಿಮೆ ಇಲ್ಲದ ನಿದ್ದೆ ಬೇಕು, ಹೈಸ್ಕೂಲಿನವರಿಗೆ 8 ಗಂಟೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯಾಗುವುದು ನಿದ್ದೆಯಲ್ಲೇ.

ಮೊಬೈಲ್ ಬಗ್ಗೆ ಎರಡು ಮಾತು. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ತೆರೆಯಬಹುದು, ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತ. ತೋಟದೊಳಗೆ ರೇಂಜ್ ಸಿಗದವರು ಪೇಟೆಗೆ ಹೋದಾಗ ಇಳಿಸಿಕೊಂಡು ಬನ್ನಿ, ಮನೆಯಲ್ಲಿ ನೆಟ್ ಆಫ್ ಮಾಡಿ ಕೊಡಿ. ಮುದ್ರಿತ ಪುಸ್ತಕವೇ ಬೇಕಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ.

ಎಸ್ಸೆಸ್ಸೆಲ್ಸಿ ಮನೆಯಲ್ಲಿ

ಪುಸ್ತಕದ ಮೇಲೆ ಹಳದಿ ಹೈಲೈಟರ್ ಎಳೆಯುತ್ತ ಮೂರು ಸಲ ಓದಿದ ಹುಡುಗಿಗೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ನೋಡಿದ್ದನ್ನು ಮತ್ತೆ ನೋಡಿದಾಗ ಆಗುವ ಪರಿಚಯವನ್ನು ನೆನಪು ಎಂದು ತಿಳಿದುಕೊಳ್ಳುವ ತಪ್ಪು ಇದು. ಪರೀಕ್ಷೆಯಲ್ಲಿ ಪುಸ್ತಕ ಎದುರಿಗೆ ಇರುವುದಿಲ್ಲ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ನೀಲಿ ಪೆನ್ನಿನಲ್ಲಿ ಬರೆಯಲಿ. ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪಿನಲ್ಲಿ ಸೇರಿಸಲಿ. ಮಾರನೆಯ ದಿನ, ನಾಲ್ಕನೆಯ ದಿನ, ಹತ್ತನೆಯ ದಿನ ಅದೇ ಪಾಠ, ಮತ್ತೆ ಖಾಲಿ ಹಾಳೆ. ಕೆಂಪು ಕಡಿಮೆಯಾಗುತ್ತ ಬರಬೇಕು. ವಿಷಯ ತಿಳಿಯದ ಅಪ್ಪ ಅಮ್ಮಂದಿರೂ ಕೆಂಪು ಎಷ್ಟಿದೆ ಎಂದು ನೋಡಬಹುದು. ವಾರ್ಷಿಕ ಪರೀಕ್ಷೆ ಬರುವುದು ಕುಯ್ಲಿನ ಬಾಲದಲ್ಲೇ, ಆದ್ದರಿಂದ ಮೊದಲ ಸುತ್ತಿನ ಪುನರಾವರ್ತನೆ ಹಣ್ಣು ಕೆಂಪಾಗುವ ಮೊದಲೇ ಮುಗಿದಿರಲಿ. ಪ್ರಥಮ ಭಾಷೆಯೊಂದಕ್ಕೇ 125 ಅಂಕ. ‘ಕನ್ನಡ ತಾನೇ’ ಎಂದು ಅದನ್ನೇ ಕೊನೆಗೆ ದೂಡುವುದು ವರ್ಷವರ್ಷವೂ ಕಾಣುವ ತಪ್ಪು.

ಟೀಚರ ಹತ್ತಿರ ಏನು ಕೇಳುವುದು

‘ನಮ್ಮ ಮಗು ಹೇಗೆ ಓದುತ್ತದೆ?’ ಎಂದರೆ ‘ಪರವಾಗಿಲ್ಲ, ಇನ್ನೂ ಸ್ವಲ್ಪ ಓದಬೇಕು’ ಎಂಬ ಉತ್ತರ ಬರುತ್ತದೆ. ಆ ಪ್ರಶ್ನೆಗೆ ಬೇರೆ ಉತ್ತರ ಇಲ್ಲ. ಕೇಳಬೇಕಾದ್ದು ಹೀಗೆ: ಏಣಿಯಲ್ಲಿ ಈಗ ಯಾವ ಮೆಟ್ಟಿಲು? ಯಾವ ಅಕ್ಷರ, ಯಾವ ಬಗೆಯ ಲೆಕ್ಕ ತಪ್ಪುತ್ತಿದೆ? ಮನೆಯಲ್ಲಿ ಹತ್ತು ನಿಮಿಷ ಸಿಕ್ಕರೆ ಯಾವುದಕ್ಕೆ ಬಳಸಲಿ? ವರ್ಷದ ನಡುನಡುವೆ ನಡೆಯುವ ರೂಪಣಾತ್ಮಕ ಪರೀಕ್ಷೆಯ ಉತ್ತರ ಪತ್ರಿಕೆ ನೋಡಲು ಕೇಳಿ, ಅಂಕಕ್ಕಿಂತ ತಪ್ಪುಗಳನ್ನು ನೋಡಿ. ಸಭೆಯ ದಿನ ಕೂಲಿ ಬಿಟ್ಟು ಬರಲಾಗದವರು ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಈ ಮೂರು ಪ್ರಶ್ನೆ ಬರೆಸಿ ಕಳಿಸಬಹುದು.

ಚಿಕ್ಕ ತರಗತಿಗಳ ಓದು, ಲೆಕ್ಕಕ್ಕಾಗಿ ಇರುವ ರಾಷ್ಟ್ರಮಟ್ಟದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಯ ಪ್ರಕಾರ ಒಂದನೇ ತರಗತಿ ಮುಗಿಸಿದ ಮಗು ಹಿಂದೆ ನೋಡದ ಪಠ್ಯದಲ್ಲಿ ನಾಲ್ಕೈದು ಸರಳ ಪದಗಳ ವಾಕ್ಯ ಓದಬೇಕು, 99ರವರೆಗೆ ಸಂಖ್ಯೆ ಓದಿ ಬರೆಯಬೇಕು. ಎರಡನೆಯದರ ಕೊನೆಗೆ 999ರವರೆಗೆ. ‘ಹಿಂದೆ ನೋಡದ’ ಎಂಬ ಮಾತನ್ನು ಗಮನಿಸಿ. ಅಂಗಡಿ ಬೋರ್ಡು, ಬಸ್ಸಿನ ಫಲಕ, ಬಿಸ್ಕತ್ ಪೊಟ್ಟಣ ಓದಿಸಿ ನೋಡಿ, ಪಾಠಪುಸ್ತಕ ಬೇಡ.

ಹಿಂದೆ ಬೀಳುವುದಕ್ಕೆ ಕಾರಣ ಕೆಲವೊಮ್ಮೆ ಕಲಿಕೆಯೇ ಅಲ್ಲ. ಬೋರ್ಡಿನಿಂದ ಇಳಿಸಿಕೊಳ್ಳುವಾಗ ಮಾತ್ರ ತಪ್ಪು, ಪುಸ್ತಕ ನೋಡಿ ಬರೆಯುವಾಗ ಸರಿ ಇದ್ದರೆ ಕಣ್ಣು ತೋರಿಸಿ. ಹಿಂದಿನಿಂದ ಮೆತ್ತಗೆ ಕರೆದರೆ ತಿರುಗದ, ಮಳೆಗಾಲವಿಡೀ ನೆಗಡಿ, ಕಿವಿಸೋರುವ ಮಗುವಿನ ಕಿವಿ ತೋರಿಸಿ. ಕಣ್ಣು, ಕಿವಿ ಸರಿಯಿದ್ದು, ಮಾತು ಚುರುಕಾಗಿದ್ದು, ಐದಾರು ತಿಂಗಳು ದಿನಾ ಕೂತರೂ ಎರಡಕ್ಷರ ಕೂಡಿಸಿ ಓದಲು ಬಾರದಿದ್ದರೆ ಅದು ಸೋಮಾರಿತನ ಅಲ್ಲ, ಕಲಿಕಾ ನ್ಯೂನತೆ ಇರಬಹುದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ಇಂಥ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಮುಖ್ಯ ಶಿಕ್ಷಕರ ಮೂಲಕ ಅವರನ್ನು ಕಾಣಬಹುದು. ಹೋಗುವಾಗ ಎರಡು ತಿಂಗಳ ಉಕ್ತಲೇಖನದ ಹಾಳೆಗಳನ್ನು, ಮೇಲೆ ತಾರೀಕು ಬರೆದು, ತಿದ್ದದೆ ಹಾಗೇ ಒಯ್ಯಿರಿ.